ಅಲಾರಂ ಪ್ಯಾನಲ್ ಸತ್ತಿದ್ದೇ ಯಾರಿಗೂ ಗೊತ್ತಾಗಲಿಲ್ಲ: ಮಲೆನಾಡಿನ ಮಳೆಗೆ ತಡೆಯುವ ವ್ಯವಸ್ಥೆ ಹೇಗಿರಬೇಕು?

ಸೊಸೈಟಿ_ಗುಮಾಸ್ತ (ಹೊಸನಗರ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿಯ ಸಹಕಾರ ಸಂಘ. ಬಂಗಾರದ ಮೇಲೆ ಸಾಲ ಕೊಡುತ್ತೇವೆ, ಅದಕ್ಕೆ ಸ್ಟ್ರಾಂಗ್ ರೂಮ್ ಇದೆ. ಹಿಂದುಗಡೆ ಅರವತ್ತು ಮೀಟರ್ ಆಚೆ ಸದಸ್ಯರ ಅಡಿಕೆ ಇಡುವ ಗೋಡೌನ್. ಎರಡಕ್ಕೂ ಸೇರಿ ಒಂದೇ ಅಲಾರಂ ಪ್ಯಾನಲ್. ಬಾಗಿಲುಗಳಿಗೆ ಮ್ಯಾಗ್ನೆಟ್ ಸೆನ್ಸರ್, ಒಳಗೆ ಮೋಷನ್ ಸೆನ್ಸರ್, ಹೊರಗೆ ಸೈರನ್. ಪ್ಯಾನಲ್‌ಗೆ ಫೈಬರ್ ಇಂಟರ್‌ನೆಟ್ ಕೊಟ್ಟಿದೆ. ಏನಾದರೂ ಆದರೆ ಕಾರ್ಯದರ್ಶಿಯವರ ಫೋನಿನ ಆ್ಯಪ್‌ಗೆ ಬರುತ್ತದೆ.

ಜುಲೈ ಮಳೆಗೆ ಒಂದು ಶುಕ್ರವಾರ ಸಂಜೆ ಆರರ ಹೊತ್ತಿಗೆ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಬಂದಿದ್ದು ಸೋಮವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಕಚೇರಿ ಬಾಗಿಲು ತೆಗೆದಾಗ ಕೀಪ್ಯಾಡ್ ಪೂರ್ತಿ ಕಪ್ಪು. ಬ್ಯಾಟರಿ ಯಾವಾಗಲೋ ಖಾಲಿ. ಕಾರ್ಯದರ್ಶಿಯವರ ಆ್ಯಪ್ ತೆಗೆದು ನೋಡಿದರೆ ಹಸಿರು ಬೀಗದ ಚಿತ್ರ, ಕೆಳಗೆ ‘ಆರ್ಮ್ಡ್’ (ಕಾವಲು ಚಾಲೂ ಇದೆ) ಅಂತ! ಕೊನೆಯ ಸಲ ಪ್ಯಾನಲ್ ಹೇಳಿದ್ದನ್ನೇ ಅದು ತೋರಿಸುತ್ತಾ ಕೂತಿತ್ತು.

ದೇವರ ದಯೆ, ಏನೂ ಕಳುವಾಗಲಿಲ್ಲ. ಆದರೆ ಆಡಳಿತ ಮಂಡಳಿ ಸಭೆಯಲ್ಲಿ ದೊಡ್ಡ ಗಲಾಟೆ. ಪ್ಯಾನಲ್ ಹಾಕಿದವರನ್ನು ಕೇಳಿದರೆ "ಒಂದು ಸಿಮ್ ಹಾಕಿಸಿ, ಸರಿ ಹೋಗುತ್ತೆ" ಅಂತಾರೆ. ಸಿಮ್ ಒಂದು ಹಾಕಿದರೆ ಸಾಕಾ? ತಿಳಿದವರು ಹೇಳಿ.

ಪ್ಯಾನಲ್_ಮೇಸ್ತ್ರಿ (ಶಿವಮೊಗ್ಗ)

ಗುಮಾಸ್ತರೇ, ಸಿಮ್ ಹಾಕಿಸಿ, ಬೇಡ ಅನ್ನಲ್ಲ. ಆದರೆ ಬ್ಯಾಟರಿ ಸತ್ತ ಪ್ಯಾನಲ್‌ಗೆ ನಾಲ್ಕು ಸಿಮ್ ಹಾಕಿದರೂ ಅದು ಮಾತಾಡಲ್ಲ.

ಮೊದಲು ಬ್ಯಾಟರಿ ಲೆಕ್ಕ ನೋಡಿ. ಪೆಟ್ಟಿಗೆಯಲ್ಲಿ ಇರೋದು ಹೆಚ್ಚಾಗಿ 12 ವೋಲ್ಟಿನ 7 ಆಂಪ್‌ಅವರ್ ಬ್ಯಾಟರಿ. ಪ್ಯಾನಲ್, ಕೀಪ್ಯಾಡ್, ಐದಾರು ಮೋಷನ್ ಸೆನ್ಸರ್ ಎಲ್ಲ ಸೇರಿ ಸುಮಾರು 350 ಮಿಲಿ ಆಂಪ್ ಎಳೆಯುತ್ತವೆ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ 20 ಗಂಟೆ. ಎರಡು ವರ್ಷ ಹಳೆಯ ಬ್ಯಾಟರಿ ಆದರೆ ಹದಿನಾಲ್ಕು ಬಂದರೆ ಪುಣ್ಯ. ಅಂದರೆ ಶನಿವಾರ ಬೆಳಿಗ್ಗೆಯೇ ಹೋಗಿದೆ. ನಿಮಗೆ ಕರೆಂಟ್ ಇಲ್ಲದೇ ಇದ್ದದ್ದು ಸುಮಾರು 66 ಗಂಟೆ. 0.35ಕ್ಕೆ 66 ಗುಣಿಸಿದರೆ 23 ಆಂಪ್‌ಅವರ್. ಹಳತಾದಾಗ ಕಡಿಮೆಯಾಗೋದನ್ನೂ ಸೇರಿಸಿದರೆ 26 ಆಂಪ್‌ಅವರ್ ಬಿಗಿಯಾಗುತ್ತೆ. 42 ಹಾಕಿದರೆ ನೆಮ್ಮದಿ. ಆದರೆ ಪ್ಯಾನಲ್ ಒಳಗಿನ ಚಾರ್ಜರ್ ಸಣ್ಣದು. ದೊಡ್ಡ ಬ್ಯಾಟರಿಯನ್ನು ಸುಮ್ನೆ ಅದಕ್ಕೇ ಕಟ್ಟಬೇಡಿ. ಮರುದಿನ ಮತ್ತೆ ಕರೆಂಟ್ ಹೋದರೆ ಅರ್ಧವೂ ತುಂಬಿರಲ್ಲ. ಬೇರೆ ಚಾರ್ಜರ್ ಇರುವ 12 ವೋಲ್ಟ್ ಪವರ್ ಸಪ್ಲೈ ಪೆಟ್ಟಿಗೆ ಸಿಗುತ್ತೆ, ಅದನ್ನು ಹಾಕಿಸಿ.

ರೂಟರ್ ಮತ್ತು ಫೈಬರ್ ಡಬ್ಬಿಯನ್ನು ಅದೇ ಬ್ಯಾಟರಿಗೆ ಕೊಡಬೇಡಿ. ಅವೆರಡೂ ಸೇರಿ ಮುಕ್ಕಾಲು ಆಂಪ್ ತಿನ್ನುತ್ತವೆ, ಪ್ಯಾನಲ್‌ಗಿಂತ ಜಾಸ್ತಿ. ಅವಕ್ಕೆ ಬೇರೆ ಸಣ್ಣ ಬ್ಯಾಟರಿ ಇರಲಿ. ನಾಲ್ಕೈದು ಗಂಟೆ ನಡೆದು ಸತ್ತರೆ ಸಾಯಲಿ. ಆಮೇಲೆ ಪ್ಯಾನಲ್ 4ಜಿ ಮೇಲೆ ನಡೆಯುತ್ತೆ.

ಇದೆಲ್ಲ ಆದ ಮೇಲೂ ನಿಮ್ಮ ನಿಜವಾದ ತೊಂದರೆ ಹಾಗೇ ಉಳಿಯುತ್ತೆ. ನಿಮ್ಮ ವ್ಯವಸ್ಥೆಯಲ್ಲಿ ಪ್ಯಾನಲ್ ಸುಮ್ಮನಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥ. ಕಳ್ಳ ಇಂಟರ್‌ನೆಟ್ ತಂತಿ ಕತ್ತರಿಸಿದರೂ ಸುಮ್ಮನೆ, ಬ್ಯಾಟರಿ ಸತ್ತರೂ ಸುಮ್ಮನೆ, ಇಂಟರ್‌ನೆಟ್ ಹೋದರೂ ಸುಮ್ಮನೆ. ಇದನ್ನು ತಿರುಗಿಸಬೇಕು. ಪ್ಯಾನಲ್ ಇಷ್ಟಿಷ್ಟು ಹೊತ್ತಿಗೆ "ಇದ್ದೇನೆ" ಅಂತ ಹೇಳುತ್ತಿರಬೇಕು. ಹೇಳದಿದ್ದರೆ ಆ ಕಡೆ ಕೇಳಿಸಿಕೊಳ್ಳುವ ಸರ್ವರ್ ಗಂಟೆ ಹೊಡೆಯಬೇಕು. ಇದಕ್ಕೆ ಹಾರ್ಟ್‌ಬೀಟ್ ಅಂತಾರೆ. ಅಲಾರಂ ಸುದ್ದಿ ಸಾಗಿಸುವ ಬಗ್ಗೆ ಇರುವ ಯುರೋಪಿನ ಇಎನ್ 50136 ಮಾನದಂಡದಲ್ಲಿ ಇದು ಮುಖ್ಯ ವಿಷಯ. ಅದರಲ್ಲಿ ಒಂದೇ ದಾರಿ ಇರುವ ಎಸ್‌ಪಿ2 ದರ್ಜೆಗೆ, ಸಂಪರ್ಕ ಕಡಿದದ್ದು 25 ಗಂಟೆಯೊಳಗೆ ಗೊತ್ತಾದರೆ ಸಾಕು. ಎರಡು ದಾರಿ ಇರುವ ಡಿಪಿ4 ದರ್ಜೆಗೆ ಮುಖ್ಯ ದಾರಿ ಕಡಿದದ್ದು 90 ಸೆಕೆಂಡಿಗೇ ಗೊತ್ತಾಗಬೇಕು. ಬಂಗಾರ ಇರುವ ಜಾಗಕ್ಕೆ 25 ಗಂಟೆ ಅನ್ನೋದು ತಮಾಷೆಯೇ.

ಕೊಪ್ಪದ_ಹೈದ

ಎಂತ ಮಾರಾಯ್ರೆ, ಇಷ್ಟೆಲ್ಲ ಖರ್ಚಿಗೆ ಎರಡು ನಾಯಿ ಸಾಕಬಹುದು. ಬ್ಯಾಟರಿ ಬೇಡ, ಸಿಮ್ ಬೇಡ.

ಭದ್ರಾವತಿ_ಹಳಬ

ನಾಯಿಗೂ ಬಿಸ್ಕತ್ತು ಹಾಕುವವರು ಇರ್ತಾರೆ ತಮ್ಮಾ.

ನಾನು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದು ನಿವೃತ್ತನಾದವ. ಮೇಸ್ತ್ರಿ ಹೇಳಿದ್ದು ನಮ್ಮಲ್ಲಿ ಹಳೇ ಪಾಠ. ಒತ್ತಡ, ಉಷ್ಣತೆ ಅಳೆಯುವ ಸಾಧನಗಳು 4ರಿಂದ 20 ಮಿಲಿ ಆಂಪ್ ಸಿಗ್ನಲ್ ಕೊಡುತ್ತವೆ. ಸೊನ್ನೆಯಿಂದ ಶುರು ಮಾಡದೆ 4ರಿಂದ ಯಾಕೆ ಶುರು ಮಾಡಿದರು? ಅಳತೆ ಸೊನ್ನೆ ಇದ್ದರೂ ತಂತಿಯಲ್ಲಿ 4 ಮಿಲಿ ಆಂಪ್ ಹರಿಯುತ್ತಿರುತ್ತೆ. ತಂತಿ ಕಡಿದರೆ ಮಾತ್ರ ನಿಜವಾದ ಸೊನ್ನೆ. ಹಾಗಾಗಿ ‘ಏನೂ ಇಲ್ಲ’ ಮತ್ತು ‘ಏನೂ ಗೊತ್ತಿಲ್ಲ’ ಎರಡೂ ಬೇರೆ ಬೇರೆ ಕಾಣುತ್ತವೆ.

ಗುಮಾಸ್ತರೇ, ಇದೇ ಮಾತು ನಿಮ್ಮ ಸೆನ್ಸರ್ ತಂತಿಗೂ ಅನ್ವಯ. ಗೋಡೌನಿನಿಂದ ಬರುವ ಅರವತ್ತು ಮೀಟರ್ ತಂತಿ ಇದೆಯಲ್ಲ, ಅದನ್ನು ಮಧ್ಯದಲ್ಲಿ ಯಾರಾದರೂ ಸಿಪ್ಪೆ ಕೆರೆದು ಎರಡು ಎಳೆ ಕೂಡಿಸಿದರೆ ಏನಾಗುತ್ತೆ? ಬಾಗಿಲು ಮುಚ್ಚಿದೆ ಅಂತಲೇ ಪ್ಯಾನಲ್ ತಿಳಿಯುತ್ತೆ. ಆಮೇಲೆ ಬಾಗಿಲನ್ನು ಕಿತ್ತುಕೊಂಡು ಹೋಗಬಹುದು. ಅದಕ್ಕೇ ಲೈನಿನ ಕೊನೆಯಲ್ಲಿ, ಅಂದರೆ ಸೆನ್ಸರ್ ಒಳಗೆ, ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ) ಹಾಕೋದು. ಎರಡು ಹಾಕಿದರೆ ಇನ್ನೂ ಒಳ್ಳೇದು. ಉದಾಹರಣೆಗೆ ತಲಾ 2.2 ಕಿಲೋ ಓಮ್. ಒಂದು ಸಾಲಿನಲ್ಲಿ, ಇನ್ನೊಂದು ಸೆನ್ಸರಿನ ಸ್ವಿಚ್‌ಗೆ ಅಡ್ಡಲಾಗಿ. ಬಾಗಿಲು ಮುಚ್ಚಿದ್ದರೆ ಪ್ಯಾನಲ್‌ಗೆ 2.2 ಕಾಣುತ್ತೆ, ತೆರೆದರೆ 4.4. ತಂತಿ ಕತ್ತರಿಸಿದರೆ ಅಳತೆಗೇ ಸಿಗದಷ್ಟು, ಕೂಡಿಸಿದರೆ ಸೊನ್ನೆ. ನಾಲ್ಕು ಸ್ಥಿತಿ, ನಾಲ್ಕು ಬೇರೆ ಸುದ್ದಿ.

ಟವರ್_ಹತ್ತೋನು (ತೀರ್ಥಹಳ್ಳಿ)

ನಾನು ಮೊಬೈಲ್ ಟವರ್ ನಿರ್ವಹಣೆ ಕೆಲಸದವನು. ಎರಡು ದಾರಿ ಅನ್ನೋದರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಜನ ಇಲ್ಲೇ ಮೋಸ ಹೋಗೋದು.

ಎರಡು ಕಂಪನಿ ಸಿಮ್ ಹಾಕಿದೆ, ಹಾಗಾಗಿ ಎರಡು ದಾರಿ ಇದೆ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಗುಡ್ಡದ ಮೇಲೆ ಇರೋದು ಒಂದೇ ಟವರ್. ಅದೇ ಕಂಬಕ್ಕೆ ಎರಡು ಮೂರು ಕಂಪನಿಯ ಆಂಟೆನಾ. ಕೆಳಗೆ ಒಂದೇ ಬ್ಯಾಟರಿ ಬ್ಯಾಂಕು, ಒಂದೇ ಡೀಸೆಲ್ ಜನರೇಟರ್. ಎಷ್ಟೋ ಕಡೆ ಹೊರಗೆ ಹೋಗುವ ಫೈಬರೂ ಒಂದೇ. ಬ್ಯಾಟರಿ ಕೆಲವು ಗಂಟೆ ಎಳೆಯುತ್ತೆ, ಆಮೇಲೆ ಜನರೇಟರ್. ಧರೆ ಕುಸಿದು ರಸ್ತೆ ಮುಚ್ಚಿದರೆ ಡೀಸೆಲ್ ತಲುಪಲ್ಲ. ಆಗ ಎರಡೂ ಸಿಮ್ ಒಟ್ಟಿಗೇ ಸಾಯುತ್ತವೆ. ಊರಲ್ಲಿ ಹರಿದು ಬರುವ ಇಂಟರ್‌ನೆಟ್ ಫೈಬರನ್ನೂ ಹೆಚ್ಚಿನ ಕಡೆ ವಿದ್ಯುತ್ ಕಂಬದ ಮೇಲೇ ಎಳೆದಿರುತ್ತಾರೆ. ಗುಮಾಸ್ತರು ಹೇಳಿದ ಮರ ಒಂದೇ ಬಿದ್ದರೂ ಕರೆಂಟ್, ಫೈಬರ್ ಎರಡೂ ಹೋಗುತ್ತವೆ.

ಹಾಗಾಗಿ ಕಚೇರಿ ಅಂಗಳದಲ್ಲಿ ನಿಂತು ಯಾವ ಕಂಪನಿಯ ಸಿಗ್ನಲ್ ಯಾವ ಟವರಿನಿಂದ ಬರುತ್ತೆ ಅಂತ ನೋಡಿ. ಸೆಲ್ ಐಡಿ (ಟವರಿನ ಗುರುತಿನ ಸಂಖ್ಯೆ) ತೋರಿಸುವ ಆ್ಯಪ್‌ಗಳು ಸಿಗುತ್ತವೆ. ಬೇರೆ ಗುಡ್ಡದಿಂದ ಸಣ್ಣಗೆ ಸಿಗ್ನಲ್ ಬರುವ ಕಂಪನಿ ಇದ್ದರೆ ಎರಡನೇ ಸಿಮ್ ಅದರದ್ದಿರಲಿ. ಕಡ್ಡಿ ಕಡಿಮೆ ಇದ್ದರೂ ಪರವಾಗಿಲ್ಲ, ಹೊರಗೆ ಎತ್ತರದಲ್ಲಿ ಒಂದು ದಿಕ್ಕಿನ ಆಂಟೆನಾ ಹಾಕಿಸಿ. ಹಾರ್ಟ್‌ಬೀಟ್‌ಗೆ ಬೇಕಾಗೋದು ನೂರಿನ್ನೂರು ಬೈಟ್ ಅಷ್ಟೇ.

ಇನ್ನೊಂದು ವಿಷಯ. ಹಳೇ ಜಿಎಸ್‌ಎಂ ಡಯಲರ್ (ಸಿಮ್ ಹಾಕಿ ಪ್ಯಾನಲ್‌ನಿಂದ ಕರೆ ಮಾಡಿಸುವ ಡಬ್ಬಿ) ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ. ಅದರೊಳಗಿರೋದು 2ಜಿ ಮಾಡ್ಯೂಲ್. ಜಿಯೋದಲ್ಲಿ ಶುರುವಿನಿಂದಲೇ 2ಜಿ ಇಲ್ಲ, ಆ ಸಿಮ್ ಅದರಲ್ಲಿ ನಡೆಯೋದೇ ಇಲ್ಲ. 3ಜಿಯದ್ದೂ ಬೇಡ, ಏರ್‌ಟೆಲ್ 2020ರಲ್ಲಿ 3ಜಿ ನಿಲ್ಲಿಸಿತು. ಇವತ್ತು ಹೊಸದಾಗಿ ಹಾಕುವಾಗ 4ಜಿ ಮಾಡ್ಯೂಲೇ ಹಾಕಿ. ಮತ್ತೆ ಸಿಮ್ ರೀಚಾರ್ಜ್! ಪ್ರೀಪೇಯ್ಡ್ ಸಿಮ್ ಪೆಟ್ಟಿಗೆಯೊಳಗೆ ಕೂತಿರುತ್ತೆ, ವ್ಯಾಲಿಡಿಟಿ ಮುಗಿದ ಮೆಸೇಜ್ ಅದಕ್ಕೇ ಬರುತ್ತೆ, ಓದುವವರು ಯಾರು? ಯಂತ್ರಗಳಿಗೇ ಕೊಡುವ 13 ಅಂಕಿ ನಂಬರಿನ ಎಂ2ಎಂ ಸಿಮ್ ಸಿಗುತ್ತೆ, ವರ್ಷದ ಬಿಲ್ ಸಂಘದ ಹೆಸರಿಗೇ ಬರಲಿ.

ತೀರ್ಥಳ್ಳಿ_ಟು_ಬೆಂಗಳೂರು

ಸಾಫ್ಟ್‌ವೇರ್ ಕಡೆಯಿಂದ ಸ್ವಲ್ಪ. ಹಾರ್ಟ್‌ಬೀಟ್ ಪ್ಯಾನಲ್‌ನಿಂದ ಹೊರಗೆ ಹೋಗಬೇಕು. ಹೊರಗಿನಿಂದ ನಾವು ಪ್ಯಾನಲ್‌ಗೆ ಕರೆ ಮಾಡಿ ಕೇಳುವ ಕ್ರಮ 4ಜಿಯಲ್ಲಿ ಆಗಲ್ಲ. ಮೊಬೈಲ್ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಪಬ್ಲಿಕ್ ವಿಳಾಸದ ಹಿಂದೆ ಇಟ್ಟಿರುತ್ತವೆ. ಇನ್ನೊಂದು ಕಿರಿಕಿರಿ: ಸ್ವಲ್ಪ ಹೊತ್ತು ಏನೂ ಹರಿಯದಿದ್ದರೆ ಮಧ್ಯದ ಯಂತ್ರ ಆ ಸಂಪರ್ಕವನ್ನು ಸದ್ದಿಲ್ಲದೆ ಕಿತ್ತುಹಾಕುತ್ತೆ. ಪ್ಯಾನಲ್‌ಗೆ ಇನ್ನೂ ಲೈನ್ ಇದೆ ಅಂತಲೇ ಭ್ರಮೆ. ಆದ್ದರಿಂದ 90 ಸೆಕೆಂಡಿಗೊಮ್ಮೆ ಕಳಿಸಿ, ಆ ಕಡೆಯಿಂದ "ಬಂತು" ಅನ್ನುವ ಉತ್ತರವನ್ನೂ ಕಾಯಬೇಕು. ಉತ್ತರ ಬರದಿದ್ದರೆ ಪ್ಯಾನಲ್ ತಾನೇ ಎರಡನೇ ದಾರಿಗೆ ಹೊರಳಬೇಕು. ಡೇಟಾ ಖರ್ಚಿನ ಚಿಂತೆ ಬೇಡ. ದಿನಕ್ಕೆ 960 ಸಣ್ಣ ಮೆಸೇಜ್, ಹೋಗಿಬರೋದು ಎರಡೂ ಸೇರಿ ತಿಂಗಳಿಗೆ ಹದಿನೈದು ಎಂಬಿ ದಾಟಲ್ಲ.

ಎಸ್‌ಎಂಎಸ್ ನಂಬಬೇಡಿ. ಅದು ಕಳಿಸಿದ ತಕ್ಷಣ ತಲುಪಲೇಬೇಕು ಅಂತ ಕಟ್ಟಿದ ವ್ಯವಸ್ಥೆಯೇ ಅಲ್ಲ. ಫೋನ್ ಸಿಗದಿದ್ದರೆ ಎಲ್ಲೋ ಕಾದು ಕೂತಿರುತ್ತೆ, ಬೆಳಿಗ್ಗೆ ಒಟ್ಟಿಗೆ ಬರುತ್ತೆ. ಸರ್ವರ್‌ನಿಂದ ಎಸ್‌ಎಂಎಸ್ ಕಳಿಸುವುದಾದರೆ ಡಿಎಲ್‌ಟಿಯಲ್ಲಿ (ಸಂಸ್ಥೆಗಳ ಎಸ್‌ಎಂಎಸ್‌ಗೆ ಇರುವ ನೋಂದಣಿ ವ್ಯವಸ್ಥೆ) ಹೆಸರು, ಟೆಂಪ್ಲೇಟ್ (ಮೆಸೇಜಿನ ಮಾದರಿ) ನೋಂದಾಯಿಸಬೇಕು. ಟೆಂಪ್ಲೇಟಿನಲ್ಲಿ ಇಲ್ಲದ ಮಾತು ಬಂದರೆ ಮೆಸೇಜ್ ದಾರಿಯಲ್ಲೇ ನಿಲ್ಲುತ್ತೆ. ಆ್ಯಪ್ ನೋಟಿಫಿಕೇಷನ್ ಇನ್ನೂ ಕಷ್ಟ. ಫೋನಿನ ಬ್ಯಾಟರಿ ಸೇವರ್ ಆ್ಯಪನ್ನು ಮಲಗಿಸಿಬಿಟ್ಟಿರುತ್ತೆ.

ರಾತ್ರಿ ಎರಡು ಗಂಟೆಗೆ ಮನುಷ್ಯನನ್ನು ಎಬ್ಬಿಸೋದು ಫೋನ್ ಕರೆ ಮಾತ್ರ. ಸರ್ವರ್ ಕರೆ ಮಾಡಿ ಕನ್ನಡದಲ್ಲೇ ಹೇಳಲಿ: "ಸ್ಟ್ರಾಂಗ್ ರೂಮ್ ಬಾಗಿಲು ತೆರೆದಿದೆ. ನೀವು ನೋಡಿಕೊಳ್ಳುವುದಾದರೆ ಒಂದು ಒತ್ತಿ." ಒಂದು ನಿಮಿಷದಲ್ಲಿ ಯಾರೂ ಒತ್ತದಿದ್ದರೆ ಪಟ್ಟಿಯ ಮುಂದಿನವರಿಗೆ. ಸುಮ್ನೆ ಎತ್ತಿದರೆ ಲೆಕ್ಕಕ್ಕಿಲ್ಲ, ಒತ್ತಲೇಬೇಕು. ನಿದ್ದೆಗಣ್ಣಲ್ಲಿ ಎತ್ತಿ ಇಡುವವರೇ ಜಾಸ್ತಿ. ಕರೆ ಬರುವ ನಂಬರನ್ನು ಎಲ್ಲರ ಫೋನಿನಲ್ಲೂ ಸೇವ್ ಮಾಡಿ, ಸ್ಟಾರ್ ಹಾಕಿ, ಡು ನಾಟ್ ಡಿಸ್ಟರ್ಬ್ ಇದ್ದರೂ ಸ್ಟಾರ್ ನಂಬರ್ ರಿಂಗ್ ಆಗುವ ಹಾಗೆ ಸೆಟ್ಟಿಂಗ್ ಮಾಡಿ.

ಭದ್ರಾವತಿ_ಹಳಬ

90 ಸೆಕೆಂಡಿನ ಹಾರ್ಟ್‌ಬೀಟ್ ಒಳ್ಳೇದೇ. ಆದರೆ ಮೂರು ತಪ್ಪಿದ ಕೂಡಲೇ ಫೋನ್ ಹೊಡೆದರೆ, ಮಲೆನಾಡಿನ ಜುಲೈಯಲ್ಲಿ ಕಾರ್ಯದರ್ಶಿ ಒಂದು ವಾರದಲ್ಲಿ ಆ ನಂಬರನ್ನು ಬ್ಲಾಕ್ ಮಾಡ್ತಾರೆ. ಇದು ಊಹೆ ಅಲ್ಲ. ಕಾರ್ಖಾನೆಗಳ ಅಲಾರಂ ಬಗ್ಗೆ ಇಇಎಂಯುಎ 191 ಅಂತ ಮಾರ್ಗಸೂಚಿ ಇದೆ. ಹತ್ತು ನಿಮಿಷಕ್ಕೆ ಸರಾಸರಿ ಒಂದಕ್ಕಿಂತ ಕಡಿಮೆ ಅಲಾರಂ ಬಂದರೆ ಆಪರೇಟರ್ ನಿಭಾಯಿಸಬಲ್ಲ ಅನ್ನುತ್ತೆ. ಅದು ಪಾಳಿಯಲ್ಲಿ ಪರದೆ ಮುಂದೆ ಎಚ್ಚರವಾಗಿ ಕೂತವನಿಗೆ. ಮನೆಯಲ್ಲಿ ಮಲಗಿದ ಸೊಸೈಟಿ ಕಾರ್ಯದರ್ಶಿಗೆ ತಿಂಗಳಿಗೆ ಎರಡು ಸುಳ್ಳು ಕರೆಯೂ ಜಾಸ್ತಿಯೇ.

ತೀರ್ಥಳ್ಳಿ_ಟು_ಬೆಂಗಳೂರು

ಹಳಬರೇ, ಹಾಗಂತ ಅರ್ಧ ಗಂಟೆ ಕಾಯೋಣ ಅಂದರೆ ಅರ್ಧ ಗಂಟೆಯಲ್ಲಿ ಗೋಡೌನ್ ಖಾಲಿ. ರಾಶಿ ಅಡಿಕೆ ಬೆಲೆ ಲೆಕ್ಕ ಹಾಕಿದರೆ ಒಂದು ಪಿಕಪ್ ತುಂಬಿದರೆ ಎಷ್ಟಾಯ್ತು ನೋಡಿ.

ಪ್ಯಾನಲ್_ಮೇಸ್ತ್ರಿ (ಶಿವಮೊಗ್ಗ)

ಇಬ್ಬರದ್ದೂ ಸರಿ. ಉತ್ತರ ಇರೋದು ಪ್ಯಾನಲ್ ಸುಮ್ಮನಾಗುವ ಮೊದಲು ಏನು ಹೇಳಿತು ಅನ್ನೋದರಲ್ಲಿ.

ಪ್ಯಾನಲ್‌ಗಳು ಸುದ್ದಿಯನ್ನು ಕೋಡ್‌ನಲ್ಲಿ ಕಳಿಸುತ್ತವೆ. ಕಾಂಟ್ಯಾಕ್ಟ್ ಐಡಿ ಅನ್ನೋದು ಲ್ಯಾಂಡ್‌ಲೈನ್ ಕಾಲದ ಹಳೇ ಭಾಷೆ, ಇವತ್ತೂ ನಡೆಯುತ್ತೆ. 130 ಅಂದರೆ ಕಳ್ಳತನ, 301 ಅಂದರೆ ಕರೆಂಟ್ ಹೋಯ್ತು, 302 ಅಂದರೆ ಬ್ಯಾಟರಿ ಇಳಿಯಿತು, 602 ಅಂದರೆ ದಿನದ ಪರೀಕ್ಷೆ.

ಈಗ ಎರಡು ರಾತ್ರಿ ನೋಡಿ. ಮೊದಲನೇದರಲ್ಲಿ ಸಂಜೆ 301 ಬಂತು. ಫೈಬರ್ ದಾರಿ ರಾತ್ರಿ ಹತ್ತಕ್ಕೆ ಹೋಯ್ತು, 4ಜಿ ನಡೀತಾ ಇದೆ. ಮಧ್ಯರಾತ್ರಿ ಅದೂ ಹೋಯ್ತು. ಇದು ಟವರ್ ಬ್ಯಾಟರಿ ಮುಗಿದ ಕಥೆ. ಎರಡನೇದರಲ್ಲಿ ಕರೆಂಟ್ ಇದೆ, ಬ್ಯಾಟರಿ ಚೆನ್ನಾಗಿದೆ, 1:40ಕ್ಕೆ ಫೈಬರೂ 4ಜಿಯೂ ಒಂದೇ ನಿಮಿಷದಲ್ಲಿ ನಿಂತವು. ಇದು ಯಾರೋ ಪೆಟ್ಟಿಗೆಗೆ ಕೈ ಹಾಕಿದ ಕಥೆ, ಅಥವಾ ಫೈಬರ್ ಕತ್ತರಿಸಿ, ಮೊಬೈಲ್ ಸಿಗ್ನಲ್ ತಡೆಯುವ ಜಾಮರ್ ಇಟ್ಟ ಕಥೆ. ಮೌನ ಎರಡರಲ್ಲೂ ಒಂದೇ, ಆದರೆ ಅದಕ್ಕೆ ಮುಂಚಿನ ಸಾಲು ಬೇರೆ. ಎರಡನೇದಕ್ಕೆ ಐದು ನಿಮಿಷದೊಳಗೆ ಕರೆ ಹೋಗಲೇಬೇಕು. ಮೊದಲನೇದಕ್ಕೆ ಬೇರೆ ರೀತಿಯ ಕರೆ, ಅದೂ ಮಧ್ಯರಾತ್ರಿಗೆ ಕಾಯದೆ ಸಂಜೆಯೇ: "ಕರೆಂಟ್ ಹೋಗಿ ಮೂರು ಗಂಟೆ ಆಯ್ತು, ಇವತ್ತು ರಾತ್ರಿ ಸಂಪರ್ಕ ಕಡಿಯಬಹುದು, ಜನ ಕಳಿಸಿ."

ಟವರ್_ಹತ್ತೋನು (ತೀರ್ಥಹಳ್ಳಿ)

ಚೆನ್ನಾಗಿ ಹೇಳಿದಿರಿ. ಇದಕ್ಕೆ ಒಂದು ಸೇರಿಸಿ. ಅದೇ ಟವರಿನ ಕೆಳಗೆ ಇನ್ನೊಂದು ಸಾಧನ ಇದ್ದರೆ, ಉದಾಹರಣೆಗೆ ಕಾರ್ಯದರ್ಶಿ ಮನೆಯಲ್ಲಿ ಒಂದು ಸಣ್ಣ 4ಜಿ ಡಬ್ಬಿ, ಅದೂ ಹಾರ್ಟ್‌ಬೀಟ್ ಕಳಿಸಲಿ. ಎರಡೂ ಒಟ್ಟಿಗೆ ಸತ್ತರೆ ಟವರ್ ಹೋಗಿದೆ. ಸೊಸೈಟಿದು ಮಾತ್ರ ಸತ್ತು ಮನೆಯದು ಬದುಕಿದ್ದರೆ ಓಡಿ.

ಆದರೆ ಟವರೇ ಹೋದಾಗ ಕಾರ್ಯದರ್ಶಿ ಫೋನಿಗೂ ಕರೆ ಬರಲ್ಲ ಅನ್ನೋದನ್ನು ಮರೀಬೇಡಿ. ಪಟ್ಟಿಯಲ್ಲಿ ಬೇರೆ ಊರಲ್ಲಿರುವವರು ಒಬ್ಬರಾದರೂ ಇರಬೇಕು. ರಿಪ್ಪನ್‌ಪೇಟೆಯಲ್ಲೋ ಸಾಗರದಲ್ಲೋ ಇರುವ ನಿರ್ದೇಶಕರು ಯಾರಾದರೂ ಇದ್ದಾರಾ?

ಸೊಸೈಟಿ_ಗುಮಾಸ್ತ

ರಿಪ್ಪನ್‌ಪೇಟೆಯಲ್ಲಿ ಒಬ್ಬರಿದ್ದಾರೆ. ಆದರೆ ಅವರಿಗೆ ಕರೆ ಬಂದು ಏನು ಪ್ರಯೋಜನ? ನಮ್ಮೂರಿಗೆ ಫೋನೇ ಹೋಗಲ್ಲವಲ್ಲ. ಟವರ್ ಸತ್ತ ರಾತ್ರಿ ನಮಗೆ ಸುದ್ದಿ ಬರುವ ದಾರಿ ಯಾವುದು? ಕಾರ್ಯದರ್ಶಿ ಮನೆ ಕಚೇರಿಯಿಂದ ಒಂದೂವರೆ ಕಿಲೋಮೀಟರ್, ಸ್ವಲ್ಪ ಎತ್ತರದಲ್ಲಿ. ಮಧ್ಯೆ ತೋಟ.

ತೀರ್ಥಳ್ಳಿ_ಟು_ಬೆಂಗಳೂರು

ಅದಕ್ಕೆ ಲೋರಾ ರೇಡಿಯೋ ನೋಡಿ, ಕಡಿಮೆ ಶಕ್ತಿಯಲ್ಲಿ ಸಣ್ಣ ಸುದ್ದಿಯನ್ನು ದೂರಕ್ಕೆ ಕಳಿಸುವಂಥದ್ದು. ನಮ್ಮ ದೇಶದಲ್ಲಿ 865–867 ಮೆಗಾಹರ್ಟ್ಜ್‌ನಲ್ಲಿ ಸಣ್ಣ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಬೇಡ. ಪ್ಯಾನಲ್‌ನ ಔಟ್‌ಪುಟ್‌ಗೆ ಒಂದು, ಕಾರ್ಯದರ್ಶಿ ಮನೆಯಲ್ಲಿ ಬಜರ್ ಇರುವ ಇನ್ನೊಂದು. ಟವರ್ ಬೇಡ, ಇಂಟರ್‌ನೆಟ್ ಬೇಡ, ಬ್ಯಾಟರಿ ಮೇಲೇ ದಿನಗಟ್ಟಲೆ ನಡೆಯುತ್ತೆ. ಇದಕ್ಕೂ ಹಾರ್ಟ್‌ಬೀಟ್ ಇರಲಿ. ಆ ಕಡೆಯಿಂದ ಸದ್ದು ಬರದಿದ್ದರೆ ಮನೆಯ ಬಜರ್ ಬೇರೆ ದನಿಯಲ್ಲಿ ಕೂಗಲಿ.

ಒಂದೂವರೆ ಕಿಲೋಮೀಟರ್ ಬಯಲಲ್ಲಿ ಏನೂ ಅಲ್ಲ. ತೋಟದ ಮಧ್ಯೆ, ಒದ್ದೆ ಎಲೆಯ ನಡುವೆ ಬೇರೆ ಮಾತು. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ "ನಡೆಯುತ್ತೆ" ಅಂತ ಬಿಡಬೇಡಿ, ಜೋರು ಮಳೆ ದಿನ ನೋಡಿ. ಆಂಟೆನಾ ಅಡಿಕೆ ಮರದ ತಲೆಗಿಂತ ಮೇಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಸಾಗರದ_ಮಂಡಿಮನೆ

ನಾನು ಅಡಿಕೆ ಮಂಡಿ ನೋಡಿಕೊಳ್ಳುವವಳು. ನೀವೆಲ್ಲ ಗಂಡಸರು ಪೆಟ್ಟಿಗೆ ಬಗ್ಗೆ ಚೆನ್ನಾಗಿ ಹೇಳಿದಿರಿ. ಸುದ್ದಿ ಬಂದ ಮೇಲೆ ಹೋಗೋದು ಯಾರು ಅಂತ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಮೊದಲು ಸೈರನ್ ಹೊಡೆದರೆ ಪಕ್ಕದ ಅಂಗಡಿಯವರು "ಮತ್ತೆ ಶುರುವಾಯ್ತು ಇವರದ್ದು" ಅಂತ ಹೊದ್ದು ಮಲಗುತ್ತಿದ್ದರು. ಕಾರಣ ಬಾವಲಿ. ಶೀಟ್ ಚಾವಣಿ ಗೋಡೌನ್, ಸೂರಿನ ಸಂದಿಯಿಂದ ಬಾವಲಿ ಬಂದು ಮೋಷನ್ ಸೆನ್ಸರ್ ಮುಂದೆ ಹಾರುತ್ತಿತ್ತು. ಇನ್ನೊಂದು ಸೆನ್ಸರಿನ ಗಾಜಿನ ಮೇಲೇ ಹಲ್ಲಿ ಮಲಗುತ್ತಿತ್ತು. ಕೊನೆಗೆ ಸೂರಿಗೆ ಜಾಲರಿ ಹೊಡೆಸಿ, ಶಾಖವನ್ನೂ ಮೈಕ್ರೋವೇವನ್ನೂ ಎರಡನ್ನೂ ನೋಡಿಯೇ ಕೂಗುವ ಡ್ಯುಯಲ್ ಸೆನ್ಸರ್ ಹಾಕಿಸಿದೆವು. ಒಂದು ಸೆನ್ಸರ್ ಮಾತ್ರ ಕೂಗಿದರೆ ನಮಗೆ ಬರೀ ಕರೆ. ಎರಡು ಬೇರೆ ಬೇರೆ ಜಾಗದವು ಒಂದಾದ ಮೇಲೆ ಒಂದು ಕೂಗಿದರೆ ಸೈರನ್. ರೋಲಿಂಗ್ ಶಟರ್ ಗಾಳಿಗೆ ಅಲ್ಲಾಡಿ ಅಲಾರಂ ಆಗುತ್ತಿತ್ತು, ಅದಕ್ಕೆ ಶಟರಿಗೆಂದೇ ಬರುವ ದಪ್ಪ ಮ್ಯಾಗ್ನೆಟ್ ಹಾಕಿದ ಮೇಲೆ ನಿಂತಿತು. ಈಗ ಸೈರನ್ ಆದರೆ ಜನ ಎದ್ದು ಬರುತ್ತಾರೆ.

ವಾಚ್‌ಮನ್ ಇದ್ದಾನೆ. ಅವನಿಗೂ ಹಾರ್ಟ್‌ಬೀಟ್ ಇಟ್ಟಿದ್ದೇವೆ! ರಾತ್ರಿ ಗಂಟೆಗೊಮ್ಮೆ ಹಿಂಬಾಗಿಲ ಹತ್ತಿರದ ಗುಂಡಿ ಒತ್ತಬೇಕು. ಒತ್ತದಿದ್ದರೆ ಮೊದಲು ಅವನ ಫೋನಿಗೆ, ಆಮೇಲೆ ನನಗೆ ಕರೆ. ಅವನಿಗೆ ಮೊದಮೊದಲು ಸಿಟ್ಟು ಬಂದಿತ್ತು. ಅವನಿಗೇ ಏನಾದರೂ ಆದರೆ ಗೊತ್ತಾಗಲಿ ಅಂತ ಇದು, ಅಂದ ಮೇಲೆ ಒಪ್ಪಿದ.

ಸಂಜೆ ಆರೂವರೆಗೆ ಯಾರೂ ಅಲಾರಂ ಆನ್ ಮಾಡದಿದ್ದರೂ ಕರೆ ಬರಬೇಕು. ಬೀಗ ಹಾಕಿ ಅಲಾರಂ ಹಾಕೋದು ಮರೆತು ಹೋಗೋದೇ ಜಾಸ್ತಿ. ಈ ಸೌಲಭ್ಯ ಹೆಚ್ಚಿನ ಪ್ಯಾನಲ್‌ಗಳಲ್ಲಿ ಇರುತ್ತೆ, ಯಾರೂ ಚಾಲೂ ಮಾಡಿರಲ್ಲ.

ಕೊಪ್ಪದ_ಹೈದ

ಅಕ್ಕ, ವಾಚ್‌ಮನ್ ಗುಂಡಿ ಪಕ್ಕದಲ್ಲೇ ಮಂಚ ಹಾಕ್ಕೊಂಡು ಮಲಗಿದರೆ?

ಸಾಗರದ_ಮಂಡಿಮನೆ

ಮಲಗಲಿ ಬಿಡು. ಹಿಂಬಾಗಿಲ ಹತ್ತಿರ ಮಲಗಿ ಗಂಟೆಗೊಮ್ಮೆ ಏಳುತ್ತಾನೆ ಅಂದರೆ ನನಗೆ ಅದೇ ಬೇಕಾಗಿದ್ದು.

ಪ್ಯಾನಲ್_ಮೇಸ್ತ್ರಿ (ಶಿವಮೊಗ್ಗ)

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 112ಕ್ಕೆ ಯಂತ್ರದಿಂದ ನೇರ ಕರೆ ಹೋಗುವ ಹಾಗೆ ಯಾರೂ ಇಡಬೇಡಿ. ಬಾವಲಿ ಹಾರಿದ್ದಕ್ಕೆಲ್ಲ ಪೊಲೀಸ್ ಗಾಡಿ ಬರುವ ಹಾಗಾಗುತ್ತೆ. ಮನುಷ್ಯ ಖಚಿತ ಮಾಡಿಕೊಂಡು ಕರೆ ಮಾಡಲಿ. ಹಾಗೇ ಒಬ್ಬರೇ ಟಾರ್ಚ್ ಹಿಡಿದು ಒಳಗೆ ನುಗ್ಗೋದೂ ಬೇಡ. ಇಬ್ಬರು, ಹೊರಗಿನಿಂದಲೇ ಸುತ್ತು ಹಾಕಿ ನೋಡಿ.

ಗುಡುಗಿನ ಮಾತು ಯಾರೂ ಎತ್ತಲಿಲ್ಲ. ನನಗೆ ರಿಪೇರಿಗೆ ಬರುವ ಪ್ಯಾನಲ್‌ಗಳಲ್ಲಿ ಜಾಸ್ತಿ ಏಪ್ರಿಲ್–ಮೇ ತಿಂಗಳಲ್ಲಿ ಸುಟ್ಟವು. ಮುಂಗಾರಿಗೆ ಮುಂಚಿನ ಸಿಡಿಲು. ಗುಮಾಸ್ತರ ಅರವತ್ತು ಮೀಟರ್ ತಂತಿ ಕಂಬದಿಂದ ಕಂಬಕ್ಕೆ ತೂಗಾಡುತ್ತಿದ್ದರೆ ಅದು ಸಿಡಿಲಿಗೆ ಆಂಟೆನಾ ಇದ್ದ ಹಾಗೆ. ಸಿಡಿಲು ನೇರ ಬೀಳಬೇಕಾಗಿಲ್ಲ, ಹತ್ತಿರ ಬಿದ್ದರೂ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತೆ. ಅದನ್ನು ತೆಗೆದು ಫೈಬರ್ ಹಾಕಿ, ಗೋಡೌನಿನಲ್ಲಿ ಒಂದು ಎಕ್ಸ್‌ಪ್ಯಾಂಡರ್ ಪೆಟ್ಟಿಗೆ (ಅಲ್ಲಿನ ಸೆನ್ಸರ್‌ಗಳನ್ನು ಪ್ಯಾನಲ್‌ಗೆ ಸೇರಿಸುವಂಥದ್ದು) ಇಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯಲ್ಲ. ಆದರೆ ಒಳಗೆ ಕಬ್ಬಿಣದ ತಂತಿ ಇರುವ ಫೈಬರ್ ಕೇಬಲ್ ತಂದು ಎಡವಟ್ಟು ಮಾಡಬೇಡಿ.

ಅರ್ತಿಂಗ್ ಕೂಡ ನೋಡಿ. ನಮ್ಮದು ಜಂಬಿಟ್ಟಿಗೆ ನೆಲ. ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಹಿಡಿಯೋದೇ ಇಲ್ಲ, ಸಿಡಿಲು ಬರೋದೂ ಅದೇ ಬೇಸಿಗೆಯ ಕೊನೆಗೆ. ಮಾರ್ಚ್‌ನಿಂದಲೇ ಅರ್ತ್ ಗುಂಡಿಗೆ ನೀರು ಹಾಕಿ. ಪ್ಯಾನಲ್‌ಗೆ ಬೇರೆ, ಕಟ್ಟಡಕ್ಕೆ ಬೇರೆ ಅಂತ ಎರಡು ಗುಂಡಿ ತೋಡಿಸಿದ್ದರೆ ಎರಡನ್ನೂ ದಪ್ಪ ತಾಮ್ರದಿಂದ ಕೂಡಿಸಿ. ಇಲ್ಲದಿದ್ದರೆ ಸಿಡಿಲಿನ ಹೊತ್ತಿಗೆ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಪ್ಯಾನಲ್ ಮೂಲಕವೇ ಹಾದುಹೋಗುತ್ತೆ.

ಸೊಸೈಟಿ_ಗುಮಾಸ್ತ

ಎಲ್ಲರಿಗೂ ಧನ್ಯವಾದ. ಮಂಡಳಿ ಮುಂದೆ ಇಡಲು ಹೀಗೆ ಬರೆದುಕೊಂಡಿದ್ದೇನೆ. ಮೊದಲು 42 ಆಂಪ್‌ಅವರ್ ಬ್ಯಾಟರಿ ಮತ್ತು ಬೇರೆ ಚಾರ್ಜರ್. ಬೇರೆ ಗುಡ್ಡದ ಟವರಿನ ಎಂ2ಎಂ ಸಿಮ್. ಹಾರ್ಟ್‌ಬೀಟ್ ನೋಡಿಕೊಂಡು ಕನ್ನಡದಲ್ಲಿ ಕರೆ ಮಾಡುವ ಮಾನಿಟರಿಂಗ್ ಸೇವೆ. ಪಟ್ಟಿಯಲ್ಲಿ ಕಾರ್ಯದರ್ಶಿ, ನಾನು, ರಿಪ್ಪನ್‌ಪೇಟೆ ನಿರ್ದೇಶಕರು. ಕರೆಂಟ್ ಹೋಗಿ ಮೂರು ಗಂಟೆ ಆದರೆ ಆ ರಾತ್ರಿ ಇಬ್ಬರು ಕಚೇರಿಯಲ್ಲೇ ಮಲಗೋದು, ಅದಕ್ಕೆ ಭತ್ಯೆ. ಲೋರಾ ಮತ್ತು ಫೈಬರ್ ಬೇಸಿಗೆಯೊಳಗೆ.

ಅಧ್ಯಕ್ಷರು ಒಂದು ಪ್ರಶ್ನೆ ಕೇಳಿದರು: ಮಾನಿಟರಿಂಗ್ ಸೇವೆಯವರ ಸರ್ವರೇ ಸತ್ತರೆ ಯಾರಿಗೆ ಗೊತ್ತಾಗುತ್ತೆ?

ತೀರ್ಥಳ್ಳಿ_ಟು_ಬೆಂಗಳೂರು

ಅಧ್ಯಕ್ಷರು ಚುರುಕಿದ್ದಾರೆ! ಪ್ಯಾನಲ್‌ಗೆ ಗೊತ್ತಾಗುತ್ತೆ. "ಬಂತು" ಅನ್ನುವ ಉತ್ತರ ನಿಂತರೆ ಅದು ತಾನೇ ನಿಮ್ಮ ಫೋನಿಗೆ ಡಯಲ್ ಮಾಡುವ ಹಾಗೆ ಇಡಿ. ಎಂ2ಎಂ ಸಿಮ್ ತಗೊಳ್ಳುವಾಗ ಅದರಿಂದ ಧ್ವನಿ ಕರೆ ಹೋಗುತ್ತಾ, ಯಾವ ನಂಬರಿಗೆಲ್ಲ ಹೋಗುತ್ತೆ ಅಂತ ಕೇಳಿಯೇ ತಗೊಳ್ಳಿ. ದಿನಾ ಸಂಜೆ "ಎಲ್ಲ ಸರಿ" ಅಂತ ಮೆಸೇಜ್ ಕಳಿಸಿ, ಬರದಿದ್ದರೆ ನಾವೇ ವಿಚಾರಿಸುತ್ತೇವೆ ಅಂತ ಕೆಲವರು ಇಡುತ್ತಾರೆ. ಬಂದ ಮೆಸೇಜ್ ಕಾಣುತ್ತೆ, ಬರದ ಮೆಸೇಜ್ ಯಾರಿಗೂ ಕಾಣಲ್ಲ. ಮೂರನೇ ವಾರಕ್ಕೆ ಎಲ್ಲರೂ ಮರೆತಿರುತ್ತಾರೆ. ಅದನ್ನು ನೋಡೋದು ಯಂತ್ರದ ಕೆಲಸವೇ ಆಗಿರಲಿ.

ಸೇವೆಯವರ ಹತ್ತಿರ ಸಹಿ ಹಾಕುವ ಮೊದಲು ಅವರ ಮುಂದೆಯೇ ರೂಟರ್ ತಂತಿ ಕಿತ್ತು, ಆಂಟೆನಾ ಬಿಚ್ಚಿ, ಗಡಿಯಾರ ಹಿಡಿದು ಕೂತುಕೊಳ್ಳಿ. ಎಷ್ಟು ಹೊತ್ತಿಗೆ ಫೋನ್ ಬಂತೋ ಅದೇ ನಿಜ, ಬ್ರೋಷರ್ ಅಲ್ಲ. ಆಮೇಲೆ ತಿಂಗಳಿಗೊಮ್ಮೆ ಹೀಗೇ ಮಾಡಿ, ರಿಜಿಸ್ಟರಿನಲ್ಲಿ ಬರೆದಿಡಿ. ವಿಮೆಯವರು ಕೇಳಿದರೂ ತೋರಿಸಲು ಆಗುತ್ತೆ.

ಸೊಸೈಟಿ_ಗುಮಾಸ್ತ

ಆಗಲಿ. ಇನ್ನೊಂದು, ಭದ್ರಾವತಿ ಹಿರಿಯರು ಹೇಳಿದ ಮೇಲೆ ಪ್ಯಾನಲ್ ಮುಚ್ಚಳ ತೆಗೆದು ನೋಡಿದೆ. ರೆಸಿಸ್ಟರ್‌ಗಳು ಇವೆ. ಎಲ್ಲವೂ ಪ್ಯಾನಲ್ ಒಳಗೇ, ಟರ್ಮಿನಲ್ ಸ್ಕ್ರೂಗಳಿಗೇ ಸಿಕ್ಕಿಸಿದ್ದಾರೆ. ಇದು ಸರಿಯಾ?

ಭದ್ರಾವತಿ_ಹಳಬ

ಇದೇ ಅನುಮಾನ ಇತ್ತು ನನಗೆ. ಏಣಿ ಹತ್ತಿ ಸೆನ್ಸರ್ ಬಿಚ್ಚುವ ಸೋಮಾರಿತನಕ್ಕೆ ಎಲ್ಲರೂ ಹೀಗೇ ಮಾಡ್ತಾರೆ. ಅಲ್ಲಿಂದ ಆಚೆಗಿನ ತಂತಿಯನ್ನು ಯಾರು ಕೂಡಿಸಿದರೂ ಪ್ಯಾನಲ್‌ಗೆ 2.2 ಕಾಣುತ್ತಲೇ ಇರುತ್ತೆ. ಬ್ಯಾಟರಿಗೂ ಮುಂಚೆ ಇದನ್ನು ಮಾಡಿಸಿ, ದುಡ್ಡು ಬೇಡದ ಕೆಲಸ.

ಪ್ಯಾನಲ್_ಮೇಸ್ತ್ರಿ (ಶಿವಮೊಗ್ಗ)

ಮಾಡುವಾಗ ಗೋಡೌನ್ ಕಡೆಯ ಝೋನ್‌ಗಳಿಂದ (ಪ್ಯಾನಲ್‌ಗೆ ಬರುವ ಒಂದೊಂದು ಸೆನ್ಸರ್ ಲೈನ್) ಶುರು ಮಾಡಿ. ಪ್ಯಾನಲ್ ಸರ್ವಿಸ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಮುಚ್ಚಳ ಬಿಚ್ಚಿದ ಕೂಡಲೇ ಟ್ಯಾಂಪರ್ (ಯಾರೋ ಕೈ ಹಾಕಿದ್ದಾರೆ ಅನ್ನುವ) ಸೈರನ್ ಹೊಡೆಯುತ್ತೆ. ಒಂದೊಂದೇ ರೆಸಿಸ್ಟರ್ ಸೆನ್ಸರ್ ಒಳಗೆ ಹೋಗಲಿ, ಜಂಟಿಗೆ ಬೆಸುಗೆ ಹಾಕಿ ಸ್ಲೀವ್ ಎಳೆಯಿರಿ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೆ ಹಸಿರು ಹಿಡಿಯುತ್ತೆ. ಆಮೇಲೆ ಪ್ರತಿ ಝೋನನ್ನೂ ಸೆನ್ಸರ್ ಹತ್ತಿರ ಕೂಡಿಸಿ ಒಮ್ಮೆ, ಬಿಚ್ಚಿ ಒಮ್ಮೆ ನೋಡಿ. ಎರಡಕ್ಕೂ ಕೀಪ್ಯಾಡ್‌ನಲ್ಲಿ ಟ್ಯಾಂಪರ್ ಬರಬೇಕು. ಬರದಿದ್ದರೆ ಪ್ಯಾನಲ್ ಪ್ರೋಗ್ರಾಮಿಂಗ್‌ನಲ್ಲಿ ಡಬಲ್ ರೆಸಿಸ್ಟರ್ ಆಯ್ಕೆ ಬದಲಾಯಿಸಿಲ್ಲ ಅಂತ. ಅದರ ಕೋಡ್, ಪ್ಯಾನಲ್ ಹಾಕಿದವರ ಹತ್ತಿರ ಇರುತ್ತೆ, ಕೇಳಿ ತಗೊಂಡು ಸಂಘದ ಕಡತದಲ್ಲಿ ಇಡಿ.